ಕುರ್ಚಿಯ ಕೆಳಗೆ ಬಿಟ್ಟು ಬಂದ ಬ್ಯಾಗು

ನಮ್ಮ ಭಾವನಿಗೆ ಅವರ ಜೊತೆಯ ಪತ್ರಕರ್ತರು ಇಟ್ಟ ಹೆಸರು ವಾಪಸ್ಸಪ್ಪ. ಮೊದಲು ಹಾಗೆ ಕರೆದವನು ಭಾವನ ಪತ್ರಿಕೆಯ ಫೋಟೊಗ್ರಾಫರ್. ಅವನಿಗೆ ಲೆನ್ಸಪ್ಪ ಎಂದು ಹೆಸರಿಟ್ಟವರು ಭಾವ. ಹೀಗಾಗಿ ಆ ವಿಷಯದಲ್ಲಿ ಇಬ್ಬರದೂ ಸಮಸಮ. ಭಾವ ಎಂದರೆ ನನ್ನ ಅಕ್ಕನ ಗಂಡ. ಜೀವಮಾನವಿಡೀ ಆಟದ ಸುದ್ದಿ ಬರೆದವರು, ಅದರಲ್ಲೂ ಫುಟ್‌ಬಾಲ್. ನಾನು ಅವರ ಮನೆಯಿಂದ ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ನನ್ನ ಬಾಯಿ ಸ್ವಲ್ಪ ಜೋರು. ಭಾವ ನನ್ನನ್ನು ಕರೆಯುವುದೇ ಮೆಣಸಿನಕಾಯಿ ಎಂದು. ಮುಂದೆ ಎಲ್ಲಾದರೂ ಖಾರ ಹೆಚ್ಚಾಯಿತು ಅನ್ನಿಸಿದರೆ ಅದಕ್ಕೆ ಅವರನ್ನು ಬೈಯಬೇಡಿ.

ಕ್ರೀಡಾಂಗಣದ ಪಡುವಣ ಬದಿಗೆ, ನೆರಳಿರುವ ಕಡೆ, ಮೇಲಿನ ಅಂತಸ್ತಿನಲ್ಲಿ ಪತ್ರಕರ್ತರಿಗೆಂದು ಒಂದು ಉದ್ದನೆಯ ಕೋಣೆ ಇದೆ. ಮೈದಾನದ ಕಡೆಗೆ ಪೂರ್ತಿ ಗಾಜು. ಸಾಲಾಗಿ ಕುರ್ಚಿಗಳು, ಅವುಗಳ ಮುಂದೆ ಈ ತುದಿಯಿಂದ ಆ ತುದಿಯವರೆಗೆ ಮರದ ಮೇಜು. ದೊಡ್ಡ ಪಂದ್ಯಗಳ ದಿನ ಸಂಘಟಕರು ಪ್ರತಿ ಕುರ್ಚಿಯ ಬೆನ್ನಿಗೂ ಒಂದೊಂದು ಬ್ಯಾಗು ನೇತುಹಾಕಿರುತ್ತಾರೆ. ಒಳಗೆ ಟವೆಲ್ಲು, ಟೋಪಿ, ಟೀ ಶರ್ಟು, ಕೆಲವು ಸಲ ಗಡಿಯಾರ. ಸಂಘಟಕರ ಕಿಸೆ ಭಾರವಾಗಿದ್ದರೆ ಶೂ. ಆ ಬ್ಯಾಗುಗಳ ಹೊಲಿಗೆಯನ್ನು ನಾನು ಬಿಚ್ಚಿ ನೋಡಿದ್ದೇನೆ. ಒಂದು ಮಳೆಗಾಲ ತಡೆಯದ ದಾರ. ಆದರೂ ಆಟ ಮುಗಿದ ಮೇಲೆ ಎಲ್ಲರೂ ಅದನ್ನು ಹೆಗಲಿಗೇರಿಸಿಕೊಂಡೇ ಮನೆಗೆ ಹೋಗುತ್ತಾರೆ. ಅದು ಅಲ್ಲಿಯ ವಾಡಿಕೆ. ಯಾರಿಗೂ ತಪ್ಪೆಂದು ತೋರುವುದಿಲ್ಲ, ತೋರಿದವರೂ ಹೇಳುವುದಿಲ್ಲ.

ಭಾವ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ. ಮೊದಮೊದಲು ಬ್ಯಾಗನ್ನು ಸಂಘಟಕರ ಕೈಗೇ ಕೊಟ್ಟು ಬರುತ್ತಿದ್ದರಂತೆ. ಅದರಿಂದ ಸಂಘಟಕರಿಗೆ ಸಿಟ್ಟು, ಜೊತೆಯವರಿಗೆ ಮುಜುಗರ, ಸಂಪಾದಕರಿಗೆ ದೂರು. ನಿಮ್ಮ ಮಡಿವಂತಿಕೆಯನ್ನು ನಾಲ್ಕು ಜನರ ಮುಂದೆ ಯಾಕೆ ಒಣಗಹಾಕುತ್ತೀರಿ ಎಂದು ಸಂಪಾದಕರು ಕೇಳಿದರಂತೆ. ಆಮೇಲೆ ಭಾವ ಬೇರೆ ದಾರಿ ಕಂಡುಕೊಂಡರು. ಬಂದ ಕೂಡಲೇ ಬ್ಯಾಗನ್ನು ಕುರ್ಚಿಯ ಬೆನ್ನಿನಿಂದ ಇಳಿಸಿ, ನೆಲಕ್ಕಿಟ್ಟು, ಕಾಲಿನಿಂದ ಕುರ್ಚಿಯ ಕೆಳಗೆ ತಳ್ಳುವುದು. ನಾನು ಹೊಲಿದುಕೊಟ್ಟ ಬಟ್ಟೆಯ ಚೀಲದಿಂದ ಪೆನ್ನು, ಊಟದ ಡಬ್ಬಿ, ಸ್ವಂತ ಸಂಬಳದಲ್ಲಿ ಕೊಂಡ ದುರ್ಬೀನು ತೆಗೆದು ಮೇಜಿನ ಮೇಲಿಡುವುದು. ಆಟ ಮುಗಿದ ಮೇಲೆ ಬರೆದು, ಕಳಿಸಿ, ಎದ್ದು ಬರುವುದು. ಬ್ಯಾಗು ಅಲ್ಲೇ ಇರುತ್ತಿತ್ತು. ಕೋಣೆ ಗುಡಿಸುವ ಹೆಂಗಸು ಅದನ್ನು ಎತ್ತಿಕೊಳ್ಳುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು, ಭಾವನಿಗೂ.

ಇದೆಲ್ಲ ಶುರುವಾದದ್ದು ಒಂದು ಜೊತೆ ಶೂನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದೋ ಪಂದ್ಯಾವಳಿಯವರು ಕೊಟ್ಟ ಶೂವನ್ನು ಭಾವ ಎಲ್ಲರಂತೆ ತೆಗೆದುಕೊಂಡರು. ಹಾಕಿಕೊಂಡರು ಕೂಡ. ಆಗಿನ್ನೂ ಅಕ್ಕನನ್ನು ಮದುವೆಯಾದ ಹೊಸತು, ಕಾಲಿಗೆ ಬೇರೆ ಶೂ ಇರಲಿಲ್ಲ. ಫೈನಲ್ ದಿನ ಗ್ಯಾಲರಿಯಲ್ಲಿ ಕುಡಿಯುವ ನೀರಿಲ್ಲದೆ ಜನ ಬಿಸಿಲಿಗೆ ಬಿದ್ದರು. ಭಾವ ಅದನ್ನು ಬರೆದರು, ಆದರೆ ಕಡೆಯ ಸಾಲಿನಲ್ಲಿ, ಉಪ್ಪಿನಕಾಯಿ ಬಡಿಸಿದ ಹಾಗೆ. ಯಾರೂ ಮೆತ್ತಗೆ ಬರಿ ಎಂದು ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ತಾವು ಬರೆದದ್ದನ್ನು ತಾವೇ ಓದಿ ಆ ಶೂ ಬಿಚ್ಚಿಟ್ಟವರು ಮತ್ತೆ ಹಾಕಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಅಂತಾರಲ್ಲ ಎಂದು ನಾನೊಮ್ಮೆ ಕೆಣಕಿದಾಗ, ಅದಕ್ಕೇ ಅಲ್ಲಿ ಉಣ್ಣೋದಿಲ್ಲ ಎಂದು ಅವರು ಹೇಳಿದ್ದು ನನಗಿನ್ನೂ ನೆನಪಿದೆ.  ನನ್ನ ಬಾಯಿ ಕಟ್ಟುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಸಿಟ್ಟಿಗೆ ಕಾರಣವೂ ಇತ್ತು. ಒಬ್ಬ ಮನುಷ್ಯ ಹೀಗೆ ಬದುಕಿದರೆ ಅವನ ಸುತ್ತ ಜಾಗ ಖಾಲಿಯಾಗುತ್ತದೆ. ಬ್ಯಾಗು ತೆಗೆದುಕೊಳ್ಳುವವರೇನೂ ಕೆಟ್ಟವರಲ್ಲ, ಮಕ್ಕಳೊಂದಿಗರು, ಕಷ್ಟಸುಖ ಇರುವವರು. ಆದರೆ ಪಕ್ಕದಲ್ಲಿ ಒಬ್ಬ ಸುಮ್ಮನೆ ಕಾಲಿನಿಂದ ತಳ್ಳಿದರೆ, ಹೆಗಲಿಗೇರಿಸಿದವನಿಗೆ ಅದು ಹೆಗಲ ಮೇಲಿದೆ ಎಂದು ನೆನಪಾಗುತ್ತದೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನಕ್ಕರು. ಆಮೇಲೆ ನಗುವುದನ್ನೂ ಬಿಟ್ಟರು. ಭಾವನ ಎಡಬಲದ ಕುರ್ಚಿಗಳು ಎಲ್ಲಕ್ಕಿಂತ ಕೊನೆಗೆ ತುಂಬುತ್ತಿದ್ದವು. ಬೇರೆ ಊರಿನ ಪಂದ್ಯಕ್ಕೆ ಉಳಿದವರೆಲ್ಲ ಸಂಘಟಕರ ಬಸ್ಸಿನಲ್ಲಿ ಹಾಡಿಕೊಂಡು ಹೋಗುತ್ತಿದ್ದರೆ, ಭಾವ ಸಾಮಾನ್ಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿಕೊಂಡು ಒಬ್ಬರೇ ಹೋಗುತ್ತಿದ್ದರು. ಪಂದ್ಯದ ನಂತರದ ಊಟಕ್ಕೆ ಅವರನ್ನು ಕರೆಯುವುದು ನಿಂತುಹೋಯಿತು. ಬಾರದವನನ್ನು ಎಷ್ಟು ಸಲ ಕರೆದಾರು?

ಪಕ್ಕದಲ್ಲಿ ಬಂದು ಕೂರುತ್ತಿದ್ದವನು ಲೆನ್ಸಪ್ಪ ಒಬ್ಬನೇ. ತಮಾಷೆ ಎಂದರೆ, ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವುದರಲ್ಲಿ ಅವನು ಎಲ್ಲರಿಗಿಂತ ಮುಂದು. ಅವನ ಸ್ಟುಡಿಯೊದಲ್ಲಿ ಕಾಲೊರೆಸುವ ಬಟ್ಟೆಯ ಮೇಲೂ ಯಾವುದೋ ಕಪ್ ಪಂದ್ಯಾವಳಿಯ ಹೆಸರಿರುತ್ತಿತ್ತು. ಆಟದ ನಡುವಿನ ಬಿಡುವಿನಲ್ಲಿ ಮೈದಾನದಿಂದ ಮೆಟ್ಟಿಲು ಹತ್ತಿ ಬಂದು, ಸಂಘಟಕರ ತಿಂಡಿಯನ್ನೂ ತಿಂದು, ಭಾವನ ಡಬ್ಬಿಯಲ್ಲಿದ್ದ ಬ್ರೆಡ್ಡಿಗೂ ಕೈ ಹಾಕುತ್ತಿದ್ದ. ನಿನ್ನ ಪಾಪವನ್ನೂ ನಾನೇ ತಿಂತೀನಿ ಬಿಡು ಎನ್ನುತ್ತಿದ್ದ. ಭಾವ ನಗುತ್ತಿದ್ದದ್ದು ಅವನೆದುರು, ಅಕ್ಕನೆದುರು, ಅಷ್ಟೆ.

ಅಕ್ಕ ಒಮ್ಮೆ ಪಂದ್ಯ ನೋಡಬೇಕೆಂದಳು. ಆಟದ ಮೇಲೆ ಅವಳಿಗೇನೂ ಪ್ರೀತಿಯಿರಲಿಲ್ಲ. ಮಕ್ಕಳಾಗಲಿಲ್ಲ, ಮನೆಯಲ್ಲಿ ಭಾನುವಾರವೂ ಅವಳೊಬ್ಬಳೇ. ಭಾನುವಾರ ಎಲ್ಲರ ಗಂಡಂದಿರು ಮನೆಯಲ್ಲಿದ್ದರೆ ಅವಳ ಗಂಡ ಮೈದಾನದಲ್ಲಿ. ಆ ಮೈದಾನ ಹೇಗಿದೆ ನೋಡೋಣ ಎಂದಿರಬೇಕು. ಪತ್ರಕರ್ತರ ಮನೆಯವರಿಗೆಂದು ಸಂಘಟಕರು ಪಾಸು ಕೊಡುತ್ತಾರೆ, ನೆರಳಿನ ಕಡೆ ಮೆತ್ತನೆಯ ಕುರ್ಚಿ, ತಂಪು ಪಾನೀಯ. ಭಾವ ಪಾಸು ತೆಗೆದುಕೊಳ್ಳಲಿಲ್ಲ. ನಾನೂ ಅಕ್ಕನೂ ಸರತಿಯಲ್ಲಿ ನಿಂತು ಟಿಕೆಟ್ ಕೊಂಡು ಮೂಡಣ ಗ್ಯಾಲರಿಯಲ್ಲಿ ಕೂತೆವು. ಮಧ್ಯಾಹ್ನದ ಬಿಸಿಲು ನೆಟ್ಟಗೆ ಮುಖಕ್ಕೆ. ಎದುರುಗಡೆ, ನೆರಳಿನಲ್ಲಿ, ಉಳಿದವರ ಹೆಂಡತಿಯರು ಬಣ್ಣಬಣ್ಣದ ಸೀರೆಯಲ್ಲಿ ಕೂತಿದ್ದು ಕಾಣುತ್ತಿತ್ತು. ಅವರ ತಲೆಯ ಮೇಲೆ ಆ ಗಾಜಿನ ಕೋಣೆ. ಎದುರು ಬಿಸಿಲಿಗೆ ಕಣ್ಣು ಕುಕ್ಕಿ ಒಳಗೆ ಯಾರಿದ್ದಾರೆಂದು ನನಗೆ ಗೊತ್ತಾಗಲಿಲ್ಲ.

ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ನಾನು ಇಬ್ಬರ ಪಾಲಿಗೂ ಗೊಣಗಿದೆ. ಸಂಜೆ ಮನೆಗೆ ಬಂದಾಗ ಭಾವ ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು, ಬಿಸಿಲು ಸ್ವಲ್ಪ ಜಾಸ್ತಿ ಎಂದಳು ಅಕ್ಕ. ಮತ್ತೆ ಯಾವತ್ತೂ ಪಂದ್ಯಕ್ಕೆ ಹೋಗುತ್ತೇನೆ ಎನ್ನಲಿಲ್ಲ. ಭಾವ ಮತ್ತೆ ಕೇಳಲೂ ಇಲ್ಲ.

ಕಾಯಿಲೆ ಬಿದ್ದು ಅಕ್ಕ ಹೋದಳು. ಕಾರ್ಯವೆಲ್ಲ ಮುಗಿದು ನೆಂಟರು ಕರಗಿದ ಮೇಲೆ, ಒಂದು ದಿನ ಭಾವ ಅಕ್ಕನ ಫೋಟೊ ಹುಡುಕುತ್ತ ಕೂತಿದ್ದರು. ಮದುವೆಯದ್ದೊಂದು ಬಿಟ್ಟರೆ ನೆಟ್ಟಗಿನದು ಇರಲಿಲ್ಲ. ಸಾವಿರ ಆಟಗಾರರ ಫೋಟೊ ಇದ್ದ ಮನೆಯಲ್ಲಿ ಅವಳದ್ದಿಲ್ಲ. ನನಗೆ ತಡೆಯಲಾಗಲಿಲ್ಲ. "ನಮ್ಮಕ್ಕನಿಗೆ ನೀವು ಕೊಟ್ಟಿದ್ದು ಬಿಸಿಲೊಂದೇ ಭಾವ" ಎಂದುಬಿಟ್ಟೆ.  ಅವರು ಮದುವೆಯ ಫೋಟೊ ಪಕ್ಕಕ್ಕಿಟ್ಟು, ಅವತ್ತು ಅವಳಿಗೆ ಬೇಜಾರಾಗಿತ್ತಾ ಎಂದು ಕೇಳಿದರು. ನನಗೇನು ಗೊತ್ತು, ನಾನು ಆಟ ನೋಡುತ್ತಿದ್ದೆ ಎಂದೆ. ಅದು ನಿಜವೇ ಆಗಿತ್ತು.

ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಭಾನುವಾರ ನಾನು ಊಟ ತೆಗೆದುಕೊಂಡು ಹೋದಾಗಲೆಲ್ಲ ಏನೇನೋ ಮಾತಾಡಿ ಕೊನೆಗೆ ಅಲ್ಲಿಗೇ ಬರುತ್ತಿದ್ದರು. ಪಾಸು ತೆಗೆದುಕೊಂಡಿದ್ದರೆ ಅವಳು ಇನ್ನೊಂದು ಸಲ ಬರುತ್ತಿದ್ದಳೇನೋ. ನಾಲ್ಕು ಹೆಂಗಸರ ಪರಿಚಯವಾಗಿ ಇಷ್ಟು ಒಂಟಿಯಾಗುತ್ತಿರಲಿಲ್ಲವೇನೋ. ತನ್ನ ನೇಮದ ಬೆಲೆಯನ್ನು ತಾನು ತೆತ್ತದ್ದು ಸರಿ, ಅವಳ ಕೈಲೂ ತೆರಿಸಿದೆನಾ ಎಂಬುದು ಅವರ ಸಂಕಟ. ಕೇಳಿ ತಿಳಿಯೋಣವೆಂದರೆ ಹೇಳಬೇಕಾದವಳೇ ಇಲ್ಲ. ಊಟ ಮಾಡಿ ತಟ್ಟೆ ತೊಳೆದಿಟ್ಟು, ಒಂಟಿ ಕುರ್ಚಿಯಲ್ಲಿ ಕೂತು, ಬಾಗಿಲ ಕಡೆ ನೋಡುತ್ತಿದ್ದರು. ನಾನು ಹೊರಟರೆ ಆ ಮನೆಯಲ್ಲಿ ಮಾತಾಡುವುದು ರೇಡಿಯೊ ಮಾತ್ರ.

ಹೀಗಿರುವಾಗ ಅವರಿಗೆ ನಿವೃತ್ತಿಯಾಯಿತು. ಕೊನೆಯ ಪಂದ್ಯ ಅದೇ ಮೈದಾನದಲ್ಲಿ. ಅಲ್ಲಿ ಏನಾಯಿತೆಂದು ನನಗೆ ಆಮೇಲೆ ತಿಳಿದದ್ದು. ಈಗ ನಡೆದ ಕ್ರಮದಲ್ಲೇ ಹೇಳುತ್ತೇನೆ.

ಲೆನ್ಸಪ್ಪ ಸ್ಟುಡಿಯೊ ಖಾಲಿ ಮಾಡಲು ಹಳೆಯ ನೆಗೆಟಿವ್‌ಗಳನ್ನೆಲ್ಲ ತೆಗೆದು ನೋಡುತ್ತಿದ್ದನಂತೆ. ಅದರಲ್ಲಿ ಒಂದು ಅವನ ಕಣ್ಣಿಗೆ ಬಿತ್ತು. ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ, ಕಂದು ಕಾಗದ ಸುತ್ತಿದ. ಕೈಗೆ ಕೊಟ್ಟರೆ ಭಾವ ಎಲ್ಲಿ ಬೇಡ ಎನ್ನುತ್ತಾರೋ ಎಂಬ ಅಳುಕು. ಪಂದ್ಯದ ದಿನ ಎಲ್ಲರಿಗಿಂತ ಮೊದಲೇ ಗಾಜಿನ ಕೋಣೆಗೆ ಹೋಗಿ, ಭಾವನ ಕುರ್ಚಿಗೆ ಸಂಘಟಕರು ನೇತುಹಾಕಿದ್ದ ಬ್ಯಾಗಿನಿಂದ ಟವೆಲ್ಲು ಟೋಪಿ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡು, ಖಾಲಿಯಾದ ಆ ಬ್ಯಾಗಿನೊಳಗೆ ಫೋಟೊ ಇಟ್ಟು ಮೈದಾನಕ್ಕಿಳಿದ. ಟವೆಲ್ಲನ್ನು ಬಿಡಲಿಲ್ಲ ನೋಡಿ. ಅವನ ಬುದ್ಧಿ ಅಷ್ಟೆ ಓಡುವುದು. ಅವನ ಬದುಕಿನಲ್ಲಿ ಏನನ್ನಾದರೂ ಯಾರಿಗಾದರೂ ಕೊಡುವುದೆಂದರೆ ಆ ಬ್ಯಾಗಿನಲ್ಲೇ ಕೊಡುವುದು. ಕೊನೆಯ ದಿನವಾದರೂ ಕೈ ಹಾಕಿ ನೋಡಿಯಾನು ಎಂದುಕೊಂಡಿದ್ದ.

ಭಾವ ಬಂದರು. ಬ್ಯಾಗನ್ನು ಇಳಿಸಿದರು, ನೆಲಕ್ಕಿಟ್ಟರು, ಕಾಲಿನಿಂದ ತಳ್ಳಿದರು. ಮೈದಾನದ ಅಂಚಿನಲ್ಲಿ ಕೂತ ಲೆನ್ಸಪ್ಪ ತನ್ನ ಉದ್ದನೆಯ ಲೆನ್ಸಿನಲ್ಲಿ ಅದನ್ನು ನೋಡಿದ. ಬಿಡುವಿನಲ್ಲಿ ಅವನು ಮೇಲೆ ಬರಲಿಲ್ಲ. ಭಾವ ಬ್ರೆಡ್ಡಿನ ಡಬ್ಬಿ ತೆರೆದಿಟ್ಟು ಕಾದರು. ಆಟ ಮುಗಿದ ಮೇಲೆ ಜೊತೆಯವರು ಒಂದು ಲೋಟ ಟೀ ಕೊಟ್ಟು, ಎರಡು ಒಳ್ಳೆಯ ಮಾತಾಡಿ, ಕೈ ಕುಲುಕಿ, ಬ್ಯಾಗು ಹಾಕಿಕೊಂಡು ಊಟಕ್ಕೆ ಹೊರಟರು. ಲೆನ್ಸಪ್ಪ ಆಗಲೂ ಬರಲಿಲ್ಲ. ಭಾವ ತೆರೆದ ಡಬ್ಬಿಯನ್ನು ಮುಚ್ಚಿ, ನಾನು ಹೊಲಿದುಕೊಟ್ಟ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು.

ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡಲಿಲ್ಲ. ಕೊನೆಯ ದಿನ ಅವನೂ ಬರಲಿಲ್ಲ ಎಂದು ಇವರು, ನನ್ನದನ್ನೂ ಒದ್ದ ಎಂದು ಅವನು. ಗಂಡಸರ ಮುನಿಸು ಬಲು ಸೋಮಾರಿ, ಕೂತಲ್ಲಿಂದ ಏಳುವುದಿಲ್ಲ. ಭಾವ ತೆಳ್ಳಗಾದರು. ಭಾನುವಾರ ಮೈದಾನದ ಕಡೆಯಿಂದ ಜನರ ಕೂಗು ಗಾಳಿಯಲ್ಲಿ ತೇಲಿ ಬಂದರೆ ಕಿಟಕಿ ಹಾಕಿಬಿಡುತ್ತಿದ್ದರು.

ಅಂಥ ಒಂದು ಭಾನುವಾರವೇ ಬಾಗಿಲು ಬಡಿದ ಸದ್ದಾಯಿತು. ನಾನು ತೆರೆದೆ. ವಯಸ್ಸಾದ ಹೆಂಗಸು, ಕೈಯಲ್ಲಿ ನೀಲಿ ಬ್ಯಾಗು. ಗಾಜಿನ ಕೋಣೆ ಗುಡಿಸುವವಳು. ಪತ್ರಿಕೆಯ ಆಫೀಸಿಗೆ ಹೋಗಿ ವಿಳಾಸ ಕೇಳಿಕೊಂಡು ಬಂದಿದ್ದಳು. ಭಾವ ಬ್ಯಾಗು ನೋಡಿದವರೇ ಕುರ್ಚಿಯಿಂದ ಏಳದೆ, ಬೇಡಮ್ಮ, ಎಂದಿನ ಹಾಗೆ ನೀವೇ ಇಟ್ಕೊಳ್ಳಿ ಎಂದರು. ಆ ಹೆಂಗಸು ಹೊಸ್ತಿಲಲ್ಲೇ ನಿಂತಳು.

"ಇಷ್ಟು ವರ್ಷ ನೀವು ಬಿಟ್ಟಿದ್ದನ್ನೆಲ್ಲ ನಾನೇ ತಗೊಂಡೆ ಸಾರ್. ನನ್ನ ಮಕ್ಕಳು ನಿಮ್ಮ ಟೋಪಿ ಹಾಕ್ಕೊಂಡೇ ಬೆಳೆದ್ರು. ಇದು ಹಾಗಲ್ಲ. ಯಾರದೋ ಮನೆ ಹೆಣ್ಣುಮಗಳ ಫೋಟೊ. ಇದನ್ನ ನಾನು ಹೇಗೆ ಇಟ್ಕೊಳ್ಳಲಿ?"

ಭಾವನ ಕೈ ಮುಂದೆ ಬರಲಿಲ್ಲ. ನಾನೇ ಬ್ಯಾಗು ತೆಗೆದುಕೊಂಡು ಕಾಗದ ಸರಿಸಿದೆ.

ಅಕ್ಕ.

ಮೂಡಣ ಗ್ಯಾಲರಿ, ಆ ಬಿಸಿಲು. ಗೋಲಾದ ಗಳಿಗೆ. ಸುತ್ತಲಿನ ಜನರೆಲ್ಲ ಎದ್ದು ನಿಂತು, ಕೈ ಮೇಲೆತ್ತಿ, ಎಡಕ್ಕೆ ತಿರುಗಿ ಗೋಲಿನ ಕಡೆ ನೋಡುತ್ತಿದ್ದಾರೆ. ನಾನೂ ಇದ್ದೇನೆ, ಅರ್ಧ ಕಿವಿ ಮತ್ತು ಪೂರ್ತಿ ತೆರೆದ ಬಾಯಿ. ಅಷ್ಟು ಜನರ ನಡುವೆ ಅಕ್ಕ ಒಬ್ಬಳೇ ಕೂತಿದ್ದಾಳೆ. ಹಣೆಗೆ ಕೈ ಅಡ್ಡ ಹಿಡಿದು ನೇರ ಎದುರಿಗೆ, ಮೇಲಕ್ಕೆ, ಆ ಗಾಜಿನ ಕೋಣೆಯ ಕಡೆ ನೋಡುತ್ತಿದ್ದಾಳೆ. ಮುಖದ ತುಂಬ ನಗು. ಮದುವೆಯ ಫೋಟೊದಲ್ಲೂ ಅವಳು ಹಾಗೆ ನಕ್ಕಿರಲಿಲ್ಲ.

ನಾನು ಅತ್ತೆ. ಭಾವ ಅಳಲಿಲ್ಲ. ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು, ಬಂದವಳಿಗೆ ನೀರು ಕೊಡು ಎಂದರು. ಅವಳು ನೀರು ಕುಡಿದು ಹೋದಳು.

ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಲೆನ್ಸಪ್ಪನ ಸ್ಟುಡಿಯೊಗೆ ಹೊರಟರು. ಯಾರು ತೆಗೆದ ಫೋಟೊ ಎಂದು ಅವರಿಗೆ ಹೇಳಬೇಕಾಗಿರಲಿಲ್ಲ. ಸ್ಟುಡಿಯೊ ಮುಕ್ಕಾಲು ಖಾಲಿಯಾಗಿತ್ತು. ಗೋಡೆಯಲ್ಲಿ ಮೊಳೆಗಳು ಮಾತ್ರ ಉಳಿದಿದ್ದವು. ಲೆನ್ಸಪ್ಪ ಯಾವುದೋ ಪಂದ್ಯಾವಳಿಯ ಟೀ ಶರ್ಟು ಹಾಕಿಕೊಂಡು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ತಲೆಯೆತ್ತಿ ನೋಡಿ, ಮತ್ತೆ ಹಗ್ಗಕ್ಕೆ ಬಗ್ಗಿದ.

"ವಾಪಸ್ ಕೊಡೋಕೆ ಬಂದ್ಯಾ?"

ಭಾವ ನಿಂತೇ ಇದ್ದರು. ಬ್ಯಾಗಿನಲ್ಲಿ ಇಂಥದ್ದಿದೆ ಎಂದು ತಿಳಿದಿರಲಿಲ್ಲ ಎಂದರು. ತಿಳಿದುಕೊಳ್ಳೋಕೆ ಕೈ ಹಾಕಬೇಕಾಗಿತ್ತು ಎಂದ ಅವನು. ಆಮೇಲೆ ಹಗ್ಗ ಬಿಟ್ಟು ಪೆಟ್ಟಿಗೆಯ ಮೇಲೆ ಕೂತುಕೊಂಡ.

"ನಾನು ನಿನಗೆ ಯಾವತ್ತಾದ್ರೂ ಏನಾದ್ರೂ ಕೊಟ್ಟಿದ್ದೀನಾ ಹೇಳು. ಇಷ್ಟು ವರ್ಷ ನಿನ್ನ ಬ್ರೆಡ್ ತಿಂದೆ, ಒಂದು ಪೆನ್ನೂ ಕೊಡಲಿಲ್ಲ. ಮನಸ್ಸಿರಲಿಲ್ಲ ಅಂತಲ್ಲ. ನೀನು ಬೇಡ ಅಂದುಬಿಟ್ರೆ ನಾನೂ ಅವರಲ್ಲಿ ಒಬ್ಬ ಆಗಿಬಿಡ್ತೀನಲ್ಲ, ಆ ಭಯ."

ನನಗೆ ಆಗ ಹೊಳೆಯಿತು. ಭಾವನ ಮನೆಗೆ ಯಾರೂ ಕೈಯಲ್ಲಿ ಒಂದು ಹಣ್ಣು ಹಿಡಿದು ಬರುತ್ತಿರಲಿಲ್ಲ. ಪ್ರೀತಿ ಇದ್ದವರೂ ಬರಿಗೈಯಲ್ಲೇ ಬರುತ್ತಿದ್ದರು, ಬರಿಗೈಯಲ್ಲಿ ಬರಲು ನಾಚಿಕೆಯಾದವರು ಬರುವುದನ್ನೇ ಬಿಟ್ಟಿದ್ದರು. ಲೆಕ್ಕಾಚಾರ ಇಟ್ಟುಕೊಂಡು ಕೊಡುವವರಿಗೆಂದು ಮುಚ್ಚಿದ ಬಾಗಿಲು ಅದು. ಪಾಪ, ಬಂದವರ ಮನಸ್ಸು ಎಂಥದ್ದೆಂದು ಬಾಗಿಲಿಗೆ ಗೊತ್ತಾಗುವುದಿಲ್ಲವಲ್ಲ.

 ಭಾವ ಅವನ ಹತ್ತಿರ ಹೋಗಿ, ನಾನು ಅವರ ಬಾಯಿಂದ ಎಂದೂ ಕೇಳಿರದ ಒಂದು ಮಾತು ಹೇಳಿದರು.

"ಇನ್ನೊಂದು ಇದ್ರೆ ಕೊಡು."

ಲೆನ್ಸಪ್ಪ ತಲೆಯಲ್ಲಾಡಿಸಿದ. ಇದ್ದದ್ದು ಅದೊಂದೇ. ಗೋಲಾದಾಗ ಜನರ ಕಡೆ ತಿರುಗಿ ಒಂದು ಹೊಡೆಯುವುದು ಅವನ ರೂಢಿ, ಅದರಲ್ಲಿ ಅವಳು ಸಿಕ್ಕಿದ್ದಳು. ಬಿಸಿಲಿನ ಗ್ಯಾಲರಿಯನ್ನು ಬಿಟ್ಟು ನೆರಳಲ್ಲಿ ಕೂತವರನ್ನು ಅವನು ಯಾವತ್ತೂ ತೆಗೆಯುತ್ತಿರಲಿಲ್ಲ, ಅಲ್ಲಿ ಬೆಳಕು ಸಾಲದು. ನೀನು ಅವತ್ತು ಪಾಸ್ ತಗೊಂಡಿದ್ರೆ ಇದೂ ಇರ್ತಿರಲಿಲ್ಲ ಎಂದ. ಅದು ಸಮಾಧಾನದ ಮಾತೋ ಚುಚ್ಚು ಮಾತೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ. ಹೊರಡುವಾಗ ಮೂಲೆಯಲ್ಲಿದ್ದ ಟವೆಲ್ಲೊಂದನ್ನು ಎತ್ತಿ ಭಾವನ ಕಡೆ ಚಾಚಿದ, ಕೀಟಲೆಗೆ. ಭಾವ ಅದನ್ನು ತೆಗೆದುಕೊಳ್ಳಲಿಲ್ಲ. ಇಬ್ಬರೂ ಸ್ವಲ್ಪ ನಕ್ಕರು. ಮುಂದಿನ ವಾರ ಲೆನ್ಸಪ್ಪ ಊರು ಬಿಟ್ಟು ಮಗಳ ಮನೆಗೆ ಹೋದ.

ಈಗ ಆ ಫೋಟೊ ಭಾವನ ಮನೆಯ ಗೋಡೆಯಲ್ಲಿದೆ. ಎದುರು ಗೋಡೆಗೆ, ಅಕ್ಕನ ಕಣ್ಣು ಹೋಗುವ ಜಾಗಕ್ಕೆ ಸರಿಯಾಗಿ, ಭಾವ ತಮ್ಮ ಕುರ್ಚಿ ಹಾಕಿಕೊಂಡಿದ್ದಾರೆ. ಬಾಗಿಲ ಕಡೆ ನೋಡುವುದನ್ನು ಬಿಟ್ಟಿದ್ದಾರೆ. ಮೊನ್ನೆ ಊಟ ತೆಗೆದುಕೊಂಡು ಹೋದಾಗ, ಇನ್ನಾದರೂ ಸಮಾಧಾನ ಆಯ್ತಲ್ಲ ಭಾವ, ಅಕ್ಕನಿಗೆ ಬೇಜಾರಿರಲಿಲ್ಲ ಎಂದೆ. ಅವರು ಹೌದೆಂದು ತಲೆಯಾಡಿಸಿದರು. ತುತ್ತು ಕೈಯಲ್ಲೇ ಇತ್ತು.

"ಆ ಗೋಲ್ ನನಗೆ ಚೆನ್ನಾಗಿ ನೆನಪಿದೆ ಕಣೆ ಮೆಣಸಿನಕಾಯಿ. ಯಾರು ಪಾಸ್ ಕೊಟ್ಟ, ಯಾವ ಕಾಲಲ್ಲಿ ಹೊಡೆದ, ಎಲ್ಲ ಬರೆದೆ. ದುರ್ಬೀನು ನನ್ನ ಕಣ್ಣಿಗೇ ಇತ್ತು. ಒಂದು ಸಲ ಆ ಕಡೆ ತಿರುಗಿಸಲಿಲ್ಲ."

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ. ಸಾಕು ಎನ್ನಲಿಲ್ಲ, ಉಂಡರು.